ಅವಳ ಬೈಗುಳಕ್ಕೆ ಪುಸ್ತಕದಲ್ಲಿದ್ದ ಹೆಸರು

ಹೆಂಡತಿ ತೀರಿಕೊಂಡು ಐದನೆಯ ತಿಂಗಳು ನಡೆಯುತ್ತಿತ್ತು. ಸೊಸೆ ಶಿಕ್ಷಕರ ಪರೀಕ್ಷೆಗೆ ಓದಲು ಕುಳಿತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ‘ಮಾವ, ನೀವು ಕೇಳ್ತಾ ಹೋಗಿ, ನಾ ಹೇಳ್ತೆ’ ಎನ್ನುತ್ತಿದ್ದಳು. ನಾನು ಏಳನೆಯ ತರಗತಿ ಮುಗಿಸಿ ದೋಣಿ ಹತ್ತಿದವನು. ‘ಅತಿಶಯೋಕ್ತಿ’ ಎಂದು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅವಳ ಉತ್ತರವೇ ಮುಗಿದಿರುತ್ತಿತ್ತು.

‘ಇದ್ದದ್ದಕ್ಕಿಂತ ಮೀರಿಸಿ ಹೇಳೂದು. ಉದಾಹರಣೆ ಬೇಕು, ಮಾವ.’

ಉದಾಹರಣೆಗೆ ನನ್ನಲ್ಲಿ ಬರವಿರಲಿಲ್ಲ. ನನ್ನ ಹೆಂಡತಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದವಳು. ಬಂಗಡೆಯನ್ನು ಒತ್ತಿ ಒತ್ತಿ ನೋಡುವ ಗಿರಾಕಿಗೆ, ‘ಒಡೆಯಾ, ತಾನು ಸತ್ತದ್ದು ಈ ಮೀನಿಗೇ ಇನ್ನೂ ಗೊತ್ತಿಲ್ಲ’ ಎನ್ನುತ್ತಿದ್ದಳು. ಸೊಸೆ ಅದನ್ನು ಅಂಚಿನಲ್ಲಿ ಬರೆದುಕೊಂಡಳು.

ಮುಂದಿನದು ವ್ಯಾಜಸ್ತುತಿ. ‘ಬಯ್ದ ಹಾಂಗೆ ಕಾಣ್ತದೆ, ಒಳಗೆ ಹೊಗಳಿಕೆ ಇರ್ತದೆ. ಇದೊಂದು ತಲೆಗೇ ಹೋಗೂದಿಲ್ಲ.’

‘ನಾಲ್ಕು ವರ್ಷ ಅದರ ಕೈಕೆಳಗೇ ಇದ್ದೆಯಲ್ಲ ಮಗಾ’ ಎಂದು ನಕ್ಕೆ.

ಅವಳು ನಗಲಿಲ್ಲ. ‘ಅತ್ತೆ ನನ್ನ ಬಯ್ದದ್ದು ಬೈಗುಳವೇ, ಮಾವ. ಅವ್ರಿಗೆ ನಾನು ಬೇಕಾಗಿರ್ಲಿಲ್ಲ.’

ಅವಳು ನನ್ನ ಮಗ ಮೆಚ್ಚಿ ತಂದ ಹಿಲ್ಲೂರಿನ ಹುಡುಗಿ, ಗದ್ದೆ ಮಾಡುವವರ ಮನೆಯಲ್ಲಿ ಬೆಳೆದವಳು. ನಮ್ಮ ದಡದ ರೀತಿ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಮ್ಮಲ್ಲಿ ದೋಣಿ ತುಂಬಿ ಬಂದ ದಿನವೇ ‘ಎಂತಾ ಬಂದದೆ, ಬೆಕ್ಕಿಗೂ ಸಾಲೂದಿಲ್ಲ’ ಎನ್ನುತ್ತೇವೆ. ಚೊಲೋ ಅದೆ ಎಂದುಬಿಟ್ಟರೆ ದೃಷ್ಟಿ ತಾಗುತ್ತದೆಂಬ ಹೆದರಿಕೆ. ಆ ಹೆದರಿಕೆ ನನ್ನ ಹೆಂಡತಿಗೆ ಎಲ್ಲರಿಗಿಂತ ಒಂದು ಕೈ ಹೆಚ್ಚು.

‘ನೀನು ಮೊದಲ ಸಲ ಮೀನು ಸಾರು ಮಾಡಿದ ದಿನ ಎಂತ ಅಂದ್ಲು, ನೆನಪದೆಯಾ?’

‘ಮರೀತೇನಾ? ಎಂತಾ ಸಾರು ಮಾಡಿದ್ಯೇ ಹಾಳಾದವ್ಳೆ, ಅನ್ನದ ಪಾತ್ರೆಯೇ ಖಾಲಿ ಆಯ್ತು ಅಂದ್ರು. ನಾ ಹಿತ್ತಲಿಗೆ ಹೋಗಿ ಅತ್ತಿದ್ದೆ.’

‘ಮೂರು ಸಲ ಅನ್ನ ಬಡಿಸ್ಕಂಡವ್ಳು ಅವಳೇ ಅಲ್ವೇ?’

ಸೊಸೆ ಒಂದೊಂದೇ ಬೈಗುಳವನ್ನು ತಿರುವಿ ಹಾಕಿ ನೋಡುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಥಟ್ಟನೆ ಕೇಳಿದಳು: ‘ಹಾಗಾದ್ರೆ ಗಂಜಿ?’

ನನ್ನ ಹೆಂಡತಿ ಕಾರವಾರದ ಆಸ್ಪತ್ರೆಯಲ್ಲಿದ್ದಾಗ ಸೊಸೆ ದಿನಾ ಬೆಳಿಗ್ಗೆ ಮನೆಯಿಂದ ಗಂಜಿ ಒಯ್ಯುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಅವಳ ಕೈ ಹಿಡಿದು, ‘ಗಂಜಿ ಚೊಲೋ ಅದೆ ಮಗಾ’ ಎಂದಿದ್ದಳು.

‘ಅತ್ತೆ ನನ್ನ ಹೊಗಳಿದ್ದು ಅದೊಂದೇ ಸಲ. ಅದನ್ನೇ ಇಟ್ಕಂಡಿದ್ದೆ. ಅದೂ ಉಲ್ಟಾನಾ, ಮಾವ?’

ಸಮಾಧಾನ ಹೇಳಲು ಹೋಗಿ ನಾನೇ ಸಿಕ್ಕಿಬಿದ್ದಿದ್ದೆ. ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಅವಳು ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಹೇಳಿದೆ. ಡಾಕ್ಟರು ಉಪ್ಪು ಬಿಡಿಸಿದ್ದರು. ಅವಳು ಪಾತ್ರೆ ತೊಳೆಯಲು ಹೊರಗೆ ಹೋದೊಡನೆ ನನ್ನ ಹೆಂಡತಿ ಮುಖ ಹಿಂಡಿದ್ದಳು. ‘ಥೂ, ಸಪ್ಪೆ. ಬಾಯಿಗಿಡೂಕೆ ಆಗೂದಿಲ್ಲ. ಪಾಪ, ಹುಡುಗಿ ಬಸ್ಸಲ್ಲಿ ನಿಂತ್ಕಂಡು ತಂದದೆ, ಅದ್ಕೆ ಚೊಲೋ ಅಂದೆ. ನೀವು ಬಾಯಿ ಬಿಡಬೇಡಿ.’

ಜನ್ಮವಿಡೀ ಯಾರನ್ನೂ ಹೊಗಳದವಳು ಈ ಹುಡುಗಿಗಾಗಿ ದೃಷ್ಟಿಯ ಹೆದರಿಕೆಯನ್ನೂ ಬದಿಗಿಟ್ಟಿದ್ದಳು. ಅದಕ್ಕೆ ಪುಸ್ತಕದಲ್ಲಿ ಯಾವ ಹೆಸರಿದೆಯೋ ನನಗೆ ತಿಳಿಯದು.

‘ಅಂದ್ರೆ ನನ್ನ ಗಂಜಿ ಚೊಲೋ ಇರ್ಲಿಲ್ಲ’ ಎಂದಳು ಸೊಸೆ. ನಗುತ್ತಿದ್ದಳು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು. ನನ್ನ ಕೈಯಿಂದ ಪುಸ್ತಕ ತೆಗೆದು ಪಕ್ಕಕ್ಕಿಟ್ಟಳು. ‘ನಾ ಇಲ್ದಾಗ ಎಂತೆಂತಾ ಬೈತಿದ್ರು? ಒಂದೂ ಬಿಡದೆ ಹೇಳಿ.’

‘ಪರೀಕ್ಷೆಗೆ ಓದೂದಿಲ್ವಾ?’

‘ಇದೂ ಪಾಠವೇ. ಹೇಳಿ.’

ಅವಳು ಮನೆಗೆ ಬಂದ ಮೊದಲ ವಾರದ್ದರಿಂದಲೇ ಶುರುಮಾಡಿದೆ: ‘ಇಂವ ಎಲ್ಲಿಂದ ಹಿಡ್ಕಂಡು ಬಂದ್ನೋ ಈ ಪಿಶಾಚಿನ, ನನ್ನ ಅಡಿಗೆಮನೆಯಲ್ಲಿ ನನಗೇ ಕೆಲಸ ಇಲ್ಲ.’