ಕೋಳಿಗೆಂದು ಒಯ್ದ ಅಕ್ಕಿ

ಅನ್ನೂರಿನ ರೇಷನ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಪುರಂದರ, ತಾನು ಒಯ್ಯುವ ಅಗ್ಗದ ಅಕ್ಕಿ ದೋಸೆಗೆ ಮಾತ್ರ ಎಂದು ಸಾರಿ, ಮೂರು ಹೊತ್ತೂ ಅದನ್ನೇ ಉಣ್ಣುವ ಜಂಬದ ಹುಡುಗ. ಹಾಗಾಗಿ ಅಕ್ಕಿಗೆ ಬರುವ ಕನ್ನಿಯಮ್ಮಾಳ್ ಅವನಿಗೆ ಚೆನ್ನಾಗಿ ಅರ್ಥವಾಗುತ್ತಾಳೆ. ಬಾಗಿಲು ತೆರೆಯುವ ಮೊದಲೇ ಸಾಲಿನ ಮುಂದೆ ನಿಲ್ಲುತ್ತಾಳೆ, ಅಕ್ಕಿಯಲ್ಲಿ ಕಲ್ಲು ಕಂಡರೆ ಅವನ ಏಳು ತಲೆಮಾರಿಗೂ ಮಂಗಳಾರತಿ ಎತ್ತುತ್ತಾಳೆ, ಚೆಲ್ಲಿದ ಕಾಳನ್ನೂ ಸೆರಗಿಗೆ ಆಯ್ದುಕೊಂಡು, "ನಮಗಲ್ಲಪ್ಪಾ, ಕೋಳಿಗೆ!" ಎನ್ನುತ್ತಾಳೆ. "ಮೊಟ್ಟೆ ಎಲ್ಲಿ ಅಕ್ಕಾ?" ಎಂದು ಅವನು ಛೇಡಿಸಿದರೆ, "ನಿನ್ನ ದೋಸೆ ಎಲ್ಲೋ ತಂಬಿ?" ಎಂದು ತಿರುಗೇಟು ಕೊಡುತ್ತಾಳೆ. ಮೊನ್ನೆ ಅಧಿಕಾರಿ ಬಂದು, ಈ ಅಕ್ಕಿ ಉಣ್ಣದವರ ಕಾರ್ಡಿನಲ್ಲಿ ಅಕ್ಕಿಯನ್ನೇ ಹೊಡೆದುಹಾಕುವುದಾಗಿ ಹೇಳಿ, ಎಲ್ಲರೆದುರೇ ಒಬ್ಬೊಬ್ಬರನ್ನೂ ವಿಚಾರಿಸಿದರು. ಕನ್ನಿಯಮ್ಮಾಳ್ ಚೀಲವನ್ನು ಎದೆಗವಚಿಕೊಂಡು, "ಕೋಳಿಯೆಲ್ಲಾ ಸತ್ತೋದ್ವು ಸಾಮಿ, ಇನ್ನು ನಾವೇ ತಿನ್ನೋದು" ಎಂದಳು. ಸಾಲಿನಲ್ಲಿ ಯಾರಾದರೂ ನಗುವ ಮೊದಲೇ ಪುರಂದರ ಎದ್ದು ನಿಂತ: "ನಮ್ಮನೇಲೂ ದೋಸೆಕಲ್ಲು ಒಡೆದೋಯ್ತು ಸಾರ್."