ಆರನೇ ಕುರ್ಚಿಯವಳು ಕಮರಿ ಹತ್ತಿದ್ದು

ಆಂಬುಲೆನ್ಸ್ ಬೇಕೆಂದು ಬರುವ ಕರೆಗಳನ್ನು ಎತ್ತುವ ಆ ಕೋಣೆಯಲ್ಲಿ ಹನ್ನೆರಡು ಕುರ್ಚಿಗಳು. ಅಲ್ಲಿ ಯಾರಿಗೂ ಇನ್ನೊಬ್ಬರನ್ನು ಹೆಸರು ಹಿಡಿದು ಕರೆಯುವ ಪುರುಸೊತ್ತಿಲ್ಲ. "ಮೂರು, ಟೀ ಆರಿಹೋಗ್ತಿದೆ," "ಒಂಬತ್ತು, ನಿನ್ನ ಮಗು ಸ್ಕೂಲಿಂದ ಫೋನ್ ಮಾಡಿತ್ತು," ಹೀಗೆ ಕುರ್ಚಿಯ ನಂಬರೇ ಮನುಷ್ಯರ ಹೆಸರು. ನಮ್ಮವಳು ಆರು. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಸೀಟಿನ ಸ್ಪಂಜು ಅವಳ ಅಳತೆಗೇ ಕುಸಿದಿದೆ. ಆರರ ಧ್ವನಿ ಆ ಕೋಣೆಯ ಆಸ್ತಿ ಎನ್ನುತ್ತಾರೆ. ಆ ಕಡೆಯವರು ಕಿರುಚಲಿ, ಬೈಯಲಿ, ಫೋನನ್ನೇ ಗೋಡೆಗೆ ಅಪ್ಪಳಿಸಲಿ, ಈ ಕಡೆಯಿಂದ ಒಂದೇ ಹದದ ಮಾತು. ಹೊಸಬರಿಗೆ ಅವಳ ರೆಕಾರ್ಡಿಂಗ್ ಕೇಳಿಸಿಯೇ ಪಾಠ ಮಾಡುವುದು.

ಎಂಟು ತಿಂಗಳ ಹಿಂದೆ, ಮಧ್ಯಾಹ್ನ ಮೂರೂ ನಲವತ್ತಕ್ಕೆ, ಅವಳ ಹೆಡ್‌ಫೋನಿಗೆ ಬಂದ ಕರೆ ಅವಳ ಮನೆಯದೇ. "ಅಪ್ಪ ಬಿದ್ದುಬಿಟ್ರು" ಎಂದು ಕೂಗಿದ್ದು ಅವಳ ತಂಗಿ. ಆ ಕೋಣೆಯ ಗೋಡೆಗೆ ದಪ್ಪ ಅಕ್ಷರದ ಒಂದು ನಿಯಮ ಅಂಟಿಸಿದ್ದಾರೆ: ಸ್ವಂತದವರ ಕರೆ ಬಂದರೆ ಕೈ ಎತ್ತಿ, ಪಕ್ಕದ ಕುರ್ಚಿಗೆ ಕೊಡಿ. ಆರು ಕೈ ಎತ್ತಲಿಲ್ಲ.

"ವಿಳಾಸ ಹೇಳಿ," ಎಂದಳು.

"ಅಕ್ಕಾ, ನಾನು ಕಣೇ. ನಮ್ಮನೆ."

"ವಿಳಾಸ ಹೇಳಿ."

ಹುಟ್ಟಿ ಬೆಳೆದ ಮನೆಯ ವಿಳಾಸವನ್ನು ತಂಗಿ ಅಕ್ಕನಿಗೇ ಒಪ್ಪಿಸಿದಳು. ಆಮೇಲೆ ಅಪ್ಪನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಹೇಳಿ, ಆರು ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೆ ಒಂಬತ್ತು ನಿಮಿಷ ಎಣಿಸಿದಳು, ಒಂದು ಅಂಕಿಯೂ ಹಿಂದು ಮುಂದಾಗಲಿಲ್ಲ. ಅಪ್ಪ ಉಳಿಯಲಿಲ್ಲ.

ಮೇಲಿನವರು ಮೆಚ್ಚಿ ಒಂದು ಪ್ರಶಸ್ತಿಪತ್ರ ಕೊಟ್ಟರು. ಗೋಡೆಯ ಮೇಲಿನ ನಿಯಮ ಆವತ್ತು ಯಾರಿಗೂ ನೆನಪಾಗಲಿಲ್ಲ, ನಿಯಮ ಮುರಿದದ್ದು ಚೆನ್ನಾಗಿ ಕಂಡರೆ ಯಾರಿಗೆ ತಾನೇ ನೆನಪಾಗುತ್ತದೆ. ನೆರೆಯವರು "ಎಂಥ ಗಟ್ಟಿಗಿತ್ತಿ" ಎಂದರು. ತಂಗಿ ಮಾತ್ರ ಅಪ್ಪನ ಬಟ್ಟೆಗಳನ್ನು ಮಡಚಿಟ್ಟ ದಿನ ಒಂದೇ ಮಾತು ಆಡಿದಳು: "ನನಗೆ ಅವತ್ತು ಅಕ್ಕ ಬೇಕಿತ್ತು. ಆಫೀಸಿನವಳಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ನೀನು." ಅಷ್ಟು ಹೇಳಿ ಚಿಕ್ಕಮ್ಮನ ಊರಿಗೆ ಹೊರಟುಹೋದಳು.

ಅಲ್ಲಿಂದಾಚೆಗೆ ಆರಿಗೆ ಏನೂ ಆಗುತ್ತಿಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ದಿನಗಳು ಸುರಿದುಹೋದವು. ಬಿಸಿ ಬಾಣಲೆಗೆ ಅಂಗೈ ತಾಗಿದ್ದು ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು. ಅಪ್ಪ ಬೀಗ ರಿಪೇರಿ ಮಾಡುತ್ತಿದ್ದವರು. ಅವರ ಮೇಜಿನ ಮೇಲಿದ್ದ ಹಳೆಯ ಬೀಗಗಳನ್ನು ವಾರಕ್ಕೊಮ್ಮೆ ಒರೆಸಿ ಅದೇ ಜಾಗದಲ್ಲಿ ಇಡುತ್ತಿದ್ದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ಇದೆಲ್ಲ ಹೋಗಲಿ ಎಂದರೆ, ಕೋಣೆಯಲ್ಲೇ ಇರಬೇಕಾದ ಆ ಧ್ವನಿ ಅವಳ ಬೆನ್ನು ಹತ್ತಿ ಬೀದಿಗೂ ಮನೆಗೂ ಬಂದುಬಿಟ್ಟಿತು. ಚಿಲ್ಲರೆ ಇಲ್ಲವೆಂದು ಗೊಣಗಿದ ತರಕಾರಿಯವನಿಗೆ "ಗಾಬರಿಯಾಗಬೇಡಿ, ನಾನು ನಿಮ್ಮ ಜೊತೆಗಿದ್ದೇನೆ" ಎಂದಳು. ಅವನು ಎರಡು ಟೊಮೇಟೊ ಹೆಚ್ಚಿಗೆ ಹಾಕಿ ಕಳಿಸಿದ, ಬಹುಶಃ ಹೆದರಿಯೇ ಇರಬೇಕು. ತಂಗಿಗೆ ನಾಲ್ಕು ಸಲ ಫೋನ್ ಮಾಡಿದಳು. "ಹೇಗಿದ್ದೀಯೇ?" ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೇ ಮಾಡಿದ್ದು. ಆ ಕಡೆ ಎತ್ತಿದ ಕೂಡಲೇ ಬಾಯಿಂದ ಬಂದದ್ದು "ನಮಸ್ಕಾರ. ಹೇಳಿ, ಏನು ತೊಂದರೆ?" ತಂಗಿ ನಾಲ್ಕು ಸಲವೂ ಫೋನ್ ಇಟ್ಟಳು.

ಅವಳಿಗೆ ಉಳಿದಿದ್ದ ಒಬ್ಬಳೇ ಗೆಳತಿ ಸೈರನ್. ಆಂಬುಲೆನ್ಸ್ ಓಡಿಸುವವಳು. ಗಾಡಿಯ ಸೈರನ್ ಕೆಟ್ಟರೂ ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಕೂಗು ಹಾಕಿದರೆ ರಸ್ತೆ ಖಾಲಿಯಾಗುತ್ತದೆ ಎಂದು ಆ ಹೆಸರು. ಆವತ್ತು ಒಂಬತ್ತು ನಿಮಿಷದಲ್ಲಿ ಆ ಮನೆ ಮುಟ್ಟಿದವಳೂ ಇವಳೇ. ದಪ್ಪ ಮೈ, ವಯಸ್ಸು ನಲವತ್ತೈದು ದಾಟಿದೆ, ಆದರೂ ವರ್ಷಕ್ಕೊಂದು ಮ್ಯಾರಥಾನ್ ಓಡುವ ಚಟ ಬಿಟ್ಟಿಲ್ಲ. ಆರನ್ನು ಬೆಳಗಿನ ಜಾವ ಎಬ್ಬಿಸಿ ಜೊತೆಗೆ ಓಡಿಸತೊಡಗಿದಳು. ಆರು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ, ಹೇಳಿದಷ್ಟು ಓಡಿದಳು.

ಒಂದು ದಿನ ಆಫೀಸಿನ ಲಿಫ್ಟ್ ಕೆಟ್ಟಿತ್ತು. ಸೈರನ್ ಆರರ ಕೈ ಹಿಡಿದು ಮೆಟ್ಟಿಲ ಮೇಲೆ ಓಡಿಸಿದಳು. ನಾಲ್ಕನೇ ಅಂತಸ್ತಿನಲ್ಲಿ ಆರು ಗೋಡೆಗೆ ಒರಗಿ, "ಸಾಯ್ತೀನಿ ಕಣೇ, ನಿಲ್ಲೇ ಮಾರಾಯ್ತಿ," ಎಂದಳು.

ಸೈರನ್ ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದಳು. "ಏನಂದೆ? ಇನ್ನೊಂದು ಸಲ ಅನ್ನು."

ಅಷ್ಟರಲ್ಲಿ ಆರು ಎರಡು ಉಸಿರು ಎಳೆದುಕೊಂಡಿದ್ದಳು. "ಕ್ಷಮಿಸಿ, ನಿಮ್ಮ ಮಾತು ಸರಿಯಾಗಿ ಕೇಳಿಸಲಿಲ್ಲ," ಎಂದಿತು ಹಳೆಯ ಧ್ವನಿ.

"ಹೋಯ್ತು," ಎಂದಳು ಸೈರನ್. "ಆದ್ರೆ ಗುಟ್ಟು ಸಿಕ್ತು. ನಿನ್ನೊಳಗಿರೋ ಆ ಆಫೀಸಿನವಳಿಗೆ ಮಾತಾಡೋಕೆ ಉಸಿರು ಬೇಕು. ಉಸಿರು ಕಟ್ಟಿದಾಗ ನೀನೊಬ್ಳೇ ಇರ್ತೀಯ. ನಾಲ್ಕು ಅಂತಸ್ತು ನಿನಗೆ ಸಾಲದು. ಕಮರಿಯೇ ಆಗಬೇಕು."

ಕಮರಿ ಎಂದರೆ ಊರಾಚೆ ಮೂರು ಗಂಟೆ ದಾರಿಯ ದೊಡ್ಡ ಬಂಡೆಯ ಸೀಳು. ವರ್ಷಕ್ಕೊಮ್ಮೆ ಅದರ ತಳಕ್ಕಿಳಿದು ಆಚೆ ದಡ ಹತ್ತುವ ಮ್ಯಾರಥಾನ್ ಇದೆ. ಒಂಬತ್ತು ಗಂಟೆಗೆಲ್ಲ ಬಂಡೆ ಕಾದ ಕಾವಲಿಯಾಗುವುದರಿಂದ ನಸುಕಿನ ನಾಲ್ಕಕ್ಕೇ ಓಟ ಶುರು. ಸೈರನ್ ಇಬ್ಬರ ಹೆಸರೂ ಬರೆಸಿದಳು.

ಓಟಕ್ಕೆ ಮೂರು ದಿನ ಇರುವಾಗ ತಂಗಿಯಿಂದ ಮೆಸೇಜು ಬಂತು. "ಭಾನುವಾರ ಬೆಳಗ್ಗೆ ಎಂಟಕ್ಕೆ ಬಸ್ಸು. ದೂರದ ಕೆಲಸ, ಎರಡು ವರ್ಷ ಬರಲ್ಲ. ಇಲ್ಲಿಗೆ ಬರಬೇಡ, ಬಂದರೂ ಬಾಗಿಲು ತೆಗೆಯಲ್ಲ. ಬಸ್ ಹತ್ತಿದ ಮೇಲೆ ನಿನ್ನ ಫೋನ್ ಎತ್ತಲ್ಲ. ಮಾತಾಡೋದಿದ್ರೆ ಅಷ್ಟರೊಳಗೆ ಮಾತಾಡು, ಮನುಷ್ಯಳ ಹಾಗೆ." ಭಾನುವಾರವೇ ಓಟ. ಕಮರಿಯೊಳಗೆ ಫೋನಿಗೆ ಸಿಗ್ನಲ್ ಇಲ್ಲ. ಇಪ್ಪತ್ನಾಲ್ಕನೇ ಕಿಲೋಮೀಟರಿನಲ್ಲಿ, ಆಚೆ ದಡದ ನೆತ್ತಿಯ ಮೇಲೆ, ಒಂದು ಟವರಿನ ಸುತ್ತ ಮಾತ್ರ ಸಿಗುತ್ತದೆ. ಓಟ ಬಿಟ್ಟು ಮನೆಯಿಂದಲೇ ಫೋನ್ ಮಾಡಿದರೆ, ಮೆಟ್ಟಿಲು ಹತ್ತಿಳಿದು ಮಾಡಿದರೂ, ಎರಡು ಉಸಿರಿಗೆ ಆಫೀಸಿನವಳೇ ಮರಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಎಂಟರೊಳಗೆ ಆ ನೆತ್ತಿ ಮುಟ್ಟಬೇಕು, ಅದೂ ಏದುಸಿರಿನಲ್ಲಿ ಮುಟ್ಟಬೇಕು.

ಭಾನುವಾರ ನಾಲ್ಕಕ್ಕೆ ಮುನ್ನೂರು ಜನ ಹಣೆಗೆ ದೀಪ ಕಟ್ಟಿಕೊಂಡು ಕತ್ತಲಿಗೆ ಇಳಿದರು. ಚಳಿಗೆ ಬೆರಳುಗಳು ಮರಗಟ್ಟಿದವು. ಆರಿಗೆ ಅದೇನೂ ಹೊಸದಲ್ಲ, ಎಂಟು ತಿಂಗಳಿಂದ ಪೂರ್ತಿ ಮರಗಟ್ಟಿದವಳಿಗೆ ಬೆರಳು ಯಾವ ಲೆಕ್ಕ. ದೀಪದ ಬೆಳಕಿನ ದುಂಡು ಮುಂದೆ ಓಡಿತು, ಅವಳು ಅದರ ಹಿಂದೆ ಓಡಿದಳು. ಸೈರನ್ ಪಕ್ಕದಲ್ಲೇ ಇದ್ದಳು, ಬಾಯಿಗೆ ಬಿಡುವಿಲ್ಲದೆ. ಗಂಡನ ಗೊರಕೆಯ ಕಥೆ, ಬ್ರೇಕ್ ಇಲ್ಲದ ಗಾಡಿಯ ಕಥೆ, ಮಾವನ ಹಲ್ಲಿನ ಸೆಟ್ಟನ್ನು ನಾಯಿ ಕಚ್ಚಿಕೊಂಡು ಹೋದ ಕಥೆ. ಆರು ಕೇಳಿಸಿಕೊಂಡಳು. ನಗು ಬರಬೇಕಾದ ಜಾಗ ಯಾವುದೆಂದು ಗೊತ್ತಾಗುತ್ತಿತ್ತು, ನಗು ಬರುತ್ತಿರಲಿಲ್ಲ.

ಇಳಿಜಾರು ಮುಗಿದು ಹೊಳೆಯ ಒಣ ಪಾತ್ರ ಸಿಕ್ಕಿತು. ಮರಳು, ಜಾರುವ ಗುಂಡುಕಲ್ಲುಗಳು. ಒಬ್ಬೊಬ್ಬರೇ ಇವರನ್ನು ದಾಟಿ ಹೋದರು. ಕೊನೆಗೆ ಹಿಂದೆ ಯಾರೂ ಉಳಿಯಲಿಲ್ಲ.

"ನನಗೋಸ್ಕರ ನೀವು ತಡ ಮಾಡಿಕೊಳ್ಳಬೇಡಿ," ಎಂದಳು ಆರು.

"ನೀವು ಅಂತೆ ನೀವು! ಹದಿನಾಲ್ಕು ವರ್ಷದಿಂದ ಗೆಳತಿಯಾದವಳಿಗೆ," ಸೈರನ್ ಅವಳ ಭುಜಕ್ಕೊಂದು ತಟ್ಟಿದಳು. "ಹಾಳೂರಿಗೆ ಉಳಿದವನೇ ಗೌಡ. ಈಗ ಈ ಕಮರಿ ನಮ್ದೇ. ನಡಿ."

ಏರಿನ ಬುಡ ಮುಟ್ಟಿದಾಗ ಗಂಟೆ ಆರೂ ಮುಕ್ಕಾಲು. ಮೇಲೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಕೆಳಗೆ ಇನ್ನೂ ಕತ್ತಲು. ನಾಲ್ಕು ಕಿಲೋಮೀಟರ್ ಸುತ್ತಿ ಸುತ್ತಿ ಹತ್ತುವ ಕಾಲುದಾರಿ. ಸೈರನ್ ಎರಡನೇ ತಿರುವಿಗೇ ಬಾಯಿ ತೆರೆದು ಉಸಿರು ಬಿಡತೊಡಗಿದಳು. ಆರು ಮಾತ್ರ ಮೂಗಿನಿಂದ ಹದವಾಗಿ ಉಸಿರಾಡುತ್ತ, ತುಟಿ ಅಲ್ಲಾಡಿಸುತ್ತ ಹತ್ತುತ್ತಿದ್ದಳು. ಸೈರನ್ ದೀಪವನ್ನು ಅವಳ ಮುಖಕ್ಕೆ ಹಿಡಿದಳು.

"ಏನದು, ಎಣಿಸ್ತಿದ್ದೀಯಾ?"

"ಹೆಜ್ಜೆ. ಒಂದರಿಂದ ನಾಲ್ಕು."

ಸೈರನ್‌ಗೆ ಸಿಟ್ಟು ನೆತ್ತಿಗೇರಿತು. ಎಣಿಸುತ್ತ ಹತ್ತಿದರೆ ಇವಳಿಗೆ ಏದುಸಿರು ಬರುವುದೇ ಇಲ್ಲ, ನೆತ್ತಿಯ ಮೇಲೆ ಫೋನಿಗೆ ಮಾತಾಡುವುದು ಮತ್ತೆ ಆಫೀಸಿನವಳೇ. ಇಷ್ಟು ದೂರ ಬಂದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

"ನಿಲ್ಲಿಸು. ಅಪ್ಪ ನಿನ್ನನ್ನ ಹೇಗೆ ಬೈತಿದ್ರು, ಅದನ್ನ ಹೇಳ್ತಾ ಓಡು. ಜೋರಾಗಿ. ಓಡು ಅಂದೆ."

"ಬೈತಿರಲಿಲ್ಲ," ಎಂದಳು ಆರು, ಓಡುತ್ತ.

"ಮತ್ತೇನು ಮಾಡ್ತಿದ್ರು?"

"ತಡವಾಗಿ ಬಂದ್ರೆ... ಬಾಗಿಲಿಗೆ ಬೀಗ ಹಾಕಿ ಕೂರೋರು. ಬೀಗ ತೆಗೆಯೋ ತಂತಿ... ಹೊಸ್ತಿಲ ಮೇಲೆ ಇಟ್ಟಿರೋರು. ಕಲಿಸಿದ್ದೀನಲ್ಲ, ತೆಗೆದು ಬಾ ಅನ್ನೋರು."

"ತೆಗೀತಿದ್ಯಾ?"

"ನನಗೆ ಬರ್ತಿರಲಿಲ್ಲ. ತಂಗಿ... ಎರಡೇ ನಿಮಿಷದಲ್ಲಿ ತೆಗೀತಿದ್ಲು. ಹಿತ್ತಿಲಿಂದ ಸುತ್ತಿ ಬಂದು... ನನಗೋಸ್ಕರ ತೆಗೆದು... ಏನೂ ಗೊತ್ತಿಲ್ಲದೋಳ ಹಾಗೆ ಹೋಗಿ ಮಲಗೋಳು."

ಇಷ್ಟು ಹೇಳುವಷ್ಟರಲ್ಲಿ ಅವಳ ಎದೆ ಕಮ್ಮಾರನ ತಿದಿಯಾಗಿತ್ತು. ಎಣಿಕೆ ತಪ್ಪಿತು. ಸೈರನ್ ಬಿಡಲಿಲ್ಲ. ಅಪ್ಪ ಚಹಾ ಹೇಗೆ ಕುಡೀತಿದ್ರು, ಚಪ್ಪಲಿ ಎಲ್ಲಿ ಬಿಡ್ತಿದ್ರು, ಟಿವಿ ಮುಂದೆ ಹೇಗೆ ತೂಕಡಿಸ್ತಿದ್ರು ಎಂದು ಒಂದರ ಮೇಲೊಂದು ಕೇಳುತ್ತ ಹಿಂದಿನಿಂದ ನೂಕುತ್ತ ಹತ್ತಿಸಿದಳು. ಏಳೂ ಐವತ್ತಕ್ಕೆ ಇಬ್ಬರೂ ನೆತ್ತಿಯ ಮೇಲೆ ಬಿದ್ದರು. ಸೈರನ್ ತನ್ನ ಉಸಿರನ್ನೂ ಲೆಕ್ಕಿಸದೆ, ಆರರ ಜೇಬಿನಿಂದ ಫೋನ್ ತೆಗೆದು, ನಂಬರ್ ಒತ್ತಿ, ಅವಳ ಕಿವಿಗೆ ಹಿಡಿದಳು.

ನಾಲ್ಕೈದು ರಿಂಗ್ ಆದ ಮೇಲೆ ತಂಗಿ ಎತ್ತಿದಳು. ಹಿಂದೆ ಬಸ್ ನಿಲ್ದಾಣದ ಗದ್ದಲ.

"ನಾನು," ಎಂದಳು ಆರು. ಮುಂದಿನ ಮಾತಿಗೆ ಉಸಿರಿರಲಿಲ್ಲ. "ನಾನು ಕಣೇ."

"ಯಾಕೆ ಹಾಗೆ ಏದುಸಿರು ಬಿಡ್ತಿದ್ದೀಯ?"

"ಓಡಿ ಬಂದೆ. ಅವತ್ತು... ನೀನೇ ಅಂತ ಗೊತ್ತಾಗಿತ್ತು. ಅಪ್ಪ ಅನ್ನೋ ಮಾತಿಗೇ ಗೊತ್ತಾಯ್ತು. ಕೈ ಎತ್ತಿ... ಪಕ್ಕದವಳಿಗೆ ಕೊಡಬೇಕಿತ್ತು. ಕೊಟ್ಟಿದ್ರೆ ನಾನು ಬರೀ ಮಗಳಾಗಿ ಅಲ್ಲಿ ಕೂತಿರಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ."

ಮಾತು ಕೊನೆಗೆ ಬರುವಷ್ಟರಲ್ಲಿ ಉಸಿರು ಹದಕ್ಕೆ ಬರುತ್ತಿರುವುದು ಸೈರನ್‌ಗೆ ಗೊತ್ತಾಯಿತು. ಅವಳು ಆರರ ರಟ್ಟೆ ಹಿಡಿದು ಎಳೆದಳು. ಟವರಿನಿಂದ ದೂರ ಹೋದರೆ ಸಿಗ್ನಲ್ ಹೋಗುತ್ತದೆ, ಅದಕ್ಕೆ ಟವರಿನ ಸುತ್ತಲೇ ಓಡಿಸಿದಳು. ನೀರು ಕೊಡಲು ನಿಂತಿದ್ದವರು, ಇಪ್ಪತ್ನಾಲ್ಕು ಕಿಲೋಮೀಟರ್ ಸಾಲದೆಂದು ಕಂಬ ಸುತ್ತುತ್ತಿರುವ ಈ ಇಬ್ಬರು ಹೆಂಗಸರನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಫೋನಿನಲ್ಲಿ ತಂಗಿ ಒಮ್ಮೆಲೇ ಸಿಡಿದಳು. "ಮೂರು ಸಲ ಕೇಳಿದೆ ನಾನು, ಅಪ್ಪ ಉಳೀತಾರಾ ಅಂತ. ನೀನು, ಚೆನ್ನಾಗಿ ಮಾಡ್ತಿದ್ದೀರಿ, ಮುಂದುವರಿಸಿ ಅಂದೆ. ಎಷ್ಟು ಸಮಾಧಾನವಾಗಿ ಅಂದೆ ನೀನು! ನಾನು ನಂಬಿಬಿಟ್ಟೆ. ಈಗ ಎದ್ದು ಕೂತ್ಕೋತಾರೆ ಅಂದ್ಕೊಂಡು ಒತ್ತಿದೆ. ನನ್ನ ಕೋಪ ಅದು." ಆಮೇಲೆ ಕೇಳಿದಳು, "ಅಪ್ಪ ಉಳಿಯಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಎರಡನೇ ನಿಮಿಷದಿಂದ. ಅಪ್ಪನ ಗಂಟಲಿನ ಸದ್ದು... ನಿಂತಾಗಿಂದ."

"ಮತ್ಯಾಕೆ ನನ್ನ ಕೈಲಿ ಒಂಬತ್ತು ನಿಮಿಷ ಒತ್ತಿಸಿದೆ? ಯಾಕೆ ಎಣಿಸಿದೆ?"

ನಿಯಮ ಹಾಗಿದೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆರು ಟವರಿಗೆ ಕೈ ಊರಿ ಒಂದೊಂದೇ ಮಾತು ಎತ್ತಿಟ್ಟಳು.

"ಎಣಿಸ್ತಿರೋ ತನಕ... ನಮಗೆ ಅಪ್ಪ ಇದ್ರು ಕಣೇ. ನಿಲ್ಲಿಸೋಕೆ ನನಗೆ ಧೈರ್ಯ ಬರಲಿಲ್ಲ."

ಬಸ್ಸಿನ ಹಾರ್ನ್ ಕೇಳಿಸಿತು, ಯಾರೋ ಬೇಗ ಹತ್ತಿ ಎಂದು ಕೂಗಿದರು. ತಂಗಿ "ಅಕ್ಕಾ" ಎಂದವಳೇ ಅತ್ತಳು. ಆರಿಗೆ ಆಗಲೂ ಅಳು ಬರಲಿಲ್ಲ. ಉಸಿರು ಪೂರ್ತಿ ಮರಳಿ ಬಂದ ಮೇಲೂ, ಸಮಾಧಾನ ಮಾಡಿಕೊಳ್ಳಿ ಎನ್ನದೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಂಗಿ ಅಳುವುದನ್ನು ಕೇಳುತ್ತ ನಿಂತಳು.