ಕದರಾಚಾರಿಯ ಹಿಗ್ಗದ ಕಂಬಿ

ಮಧುಗಿರಿ ಪೇಟೆಯ ಬಟ್ಟೆ ವ್ಯಾಪಾರಿ ಶಂಕರಲಿಂಗಪ್ಪನವರ ಅಂಗಡಿಯ ಗೋಡೆ ಗಡಿಯಾರ ಬೇಸಿಗೆ ಬಂತೆಂದರೆ ಹಿಂದೆ ಬೀಳುತ್ತಿತ್ತು. ಸೆಕೆಗೆ ಲೋಲಕದ ಕಂಬಿ ಹಿಗ್ಗಿ ಉದ್ದವಾದರೆ ತೂಗುವುದೂ ನಿಧಾನವಾಗುತ್ತದೆ. ಕಬ್ಬಿಣಕ್ಕೆ ಮೂರರಲ್ಲೊಂದು ಪಾಲಿಗಿಂತ ಕೊಂಚ ಹೆಚ್ಚು ನಿಕ್ಕಲ್ ಬೆರೆಸಿದರೆ ಬಿಸಿಲಿಗೆ ಹಿಗ್ಗುವುದೇ ಇಲ್ಲವೆಂದು ಅವರು ಪತ್ರಿಕೆಯಲ್ಲಿ ಓದಿ, ಕೊಡಿಗೇನಹಳ್ಳಿಯ ಕಮ್ಮಾರ ಕದರಾಚಾರಿಗೆ ಹೇಳಿದರು. ಅಷ್ಟಕ್ಕೇ ಬಿಡಬಾರದಿತ್ತೇ? "ಅದು ವಿಲಾಯಿತಿಯೋರ ಕೆಲ್ಸ ಕಣಯ್ಯ, ನಿನ್ ಕೈಲಾಗಲ್ಲ ಬುಡು" ಎಂದು ಬೇರೆ ಸೇರಿಸಿದರು.

ಕದರಾಚಾರಿಯ ತಾತಂದಿರು ಚನ್ನರಾಯನದುರ್ಗದ ಕಡೆ ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸಿದವರು. ಆ ಒಲೆ ಆರಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಮತ್ತೆ ಮೂಸೆ ಕಾಯುವುದನ್ನು ನೋಡಿಯೇ ಕಣ್ಣು ಮುಚ್ಚಬೇಕೆಂಬುದು ತಾಯಿ ಓಬಳಮ್ಮನ ಆಸೆ. ಮಗನ ಹತ್ತಿರ ಇದ್ದ ಆಸ್ತಿಯೆಂದರೆ ಕಿವಿ ಮುಟ್ಟುವ ಮೀಸೆ. ಪುಣ್ಯಾತ್ಮ ಅದನ್ನೇ ಪಣಕ್ಕಿಟ್ಟ.

"ನನ್ ಕಂಬಿ ತಪ್ಪಿದ್ರೆ ನಡುಪೇಟೇಲಿ ಬೋಳಿಸ್ಕೋತೀನಿ!"

ತಾಯಿ ಹೇಳಿದಂತೆ ಜೇಡಿಮಣ್ಣಿಗೆ ಹೊಟ್ಟು ಕಲಸಿ ಮೂಸೆ ಮಾಡಿದ. ಪಾತ್ರೆಗಳಿಗೆ ನಿಕ್ಕಲ್ ಮೆರುಗು ಹಾಕುವ ಬೆಂಗಳೂರಿನ ಅಂಗಡಿಯಿಂದ ನಿಕ್ಕಲ್ ಚೂರು ತರಿಸಿದ. ಮೊದಲ ಮೂಸೆ ಒಡೆಯಿತು. ಇನ್ನೊಂದರಲ್ಲಿ ಲೋಹ ಕರಗಲೇ ಇಲ್ಲ. ಜೋಡಿ ತಿದಿ ಹೂಡಿ ಊದಿಸಿದ ಮೇಲೆ ಲೋಹದ ಗಟ್ಟಿ ಬಂತು. ಬಡಿದು ಕಂಬಿ ಮಾಡಿ ಗಡಿಯಾರಕ್ಕೆ ಹಾಕಿದ. ದೃಷ್ಟಿ ತಾಗದಿರಲೆಂದು ಕಂಬಿಯ ನಡುವಿಗೊಂದು ನಿಂಬೆಹಣ್ಣನ್ನೂ ಕಟ್ಟಿದ. ಗಾಡಿಗೂ ತಿದಿಗೂ ಕಟ್ಟುವ ಊರಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಟಪಾಲು ಕಚೇರಿಗೆ ತಂತಿಯಲ್ಲಿ ಬರುವ ಸಮಯಕ್ಕೆ ಗಡಿಯಾರವನ್ನು ಹೊಂದಿಸಿದರು.

ಬಿಸಿಲೇರಿತು. ಗಡಿಯಾರ ದಿನದಿನಕ್ಕೂ ಹಿಂದೆ ಬಿತ್ತು, ಮೊದಲಿಗಿಂತ ಹೆಚ್ಚು! ಶಂಕರಲಿಂಗಪ್ಪನವರು ಬಾಯಿಬಿಟ್ಟು ನಗಲಿಲ್ಲ, ಕ್ಷೌರಿಕನಿಗೆ ಹೇಳಿಕಳಿಸಿದರು. ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅರ್ಧ ಮೀಸೆ ನೆಲಕ್ಕೆ ಬಿದ್ದಾಗ ಓಬಳಮ್ಮ ಅಂಗಡಿಯಿಂದ ಹೊರಗೆ ಬಂದಳು. ಕೈಯಲ್ಲಿ ಹೊಸ ನಿಂಬೆಹಣ್ಣು. "ಲೇ, ಅಲ್ ಕಟ್ಟಿರೋದು ಒಣಗಿ ಅಡಿಕೆ ಆದಂಗಾಗೈತೆ. ಎತ್ತಿದ್ರೆ ತೂಕಾನೇ ಇಲ್ಲ. ಬದ್ಲಾಯಿಸಬಾರ್ದೇನ್ಲಾ?"

ಕದರಾಚಾರಿ ಅರ್ಧ ಮುಖದ ನೊರೆಯಲ್ಲೇ ಎದ್ದು ಓಡಿದ. ಕಂಬಿಯ ನಡುವೆ ತೂಕವಿದ್ದರೆ ಲೋಲಕ ಚುರುಕಾಗಿ ತೂಗುತ್ತದೆ; ನಿಂಬೆ ಒಣಗಿ ಆ ತೂಕ ಕರಗಿದಂತೆಲ್ಲ ಅದು ನಿಧಾನವಾಗಿತ್ತು! ಅದನ್ನು ಕಿತ್ತೆಸೆದು ಗಡಿಯಾರವನ್ನು ಮತ್ತೆ ಹೊಂದಿಸಿದ. ಆಮೇಲೆ ಕಡುಬೇಸಿಗೆಯುದ್ದಕ್ಕೂ ಅದು ತಂತಿಯ ಸಮಯ ಬಿಟ್ಟು ಅಲುಗಲಿಲ್ಲ. ಅಷ್ಟೂ ದಿನ ಅವನು ಬೋಳಿಸಿದ ಕಡೆ ಬೆಳೆಯಲು ಬಿಡದೆ ಅರ್ಧ ಮೀಸೆಯಲ್ಲೇ ಪೇಟೆ ಸುತ್ತಿದ.

"ಗೆದ್ದೆಯಲ್ಲ, ಇನ್ನರ್ಧಾನೂ ಬೆಳೆಸಯ್ಯ" ಎಂದರು ಶಂಕರಲಿಂಗಪ್ಪನವರು.

ಅವನು ಹೋಗಿ ಕ್ಷೌರಿಕನ ಮುಂದೆ ಕೂತ. "ಕಂಬಿ ತಪ್ಪಲಿಲ್ಲ, ನಿಂಬೆಹಣ್ ಕಟ್ಟಿದೋನು ತಪ್ಪಿದ. ಇದನ್ನೂ ತೆಗಿಯಪ್ಪ."

ಮನೆಗೆ ಬಂದ ಬೋಳು ಮುಖವನ್ನು ಓಬಳಮ್ಮ ಸವರಿ ನೋಡಿದಳು, ನಗುತ್ತ ಕಣ್ಣೊರೆಸಿಕೊಂಡಳು. "ಮೀಸೆ ಬೆಳೀತದೆ ಬುಡು ಮಗ. ಮೂಸೆ ಉಳೀತಲ್ಲ."